ಒಣ ಸೂಜಿಗೆ ದೊಡ್ಡವ್ವನ ಲೈಸೆನ್ಸು

ನಮ್ಮ ದೊಡ್ಡವ್ವನ ಕಾಲಲ್ಲಿ ಒದೆಸಿಕೊಳ್ಳಲು ಗಾವಡಗೆರೆಯ ಸುತ್ತಲಿನ ಜನ ಬೆಳಗ್ಗೆಯೇ ಬಂದು ಜಗಲಿಯ ಮೇಲೆ ಕಾಯುತ್ತಾರೆ ಎಂದರೆ ನೀವು ನಂಬಲೇಬೇಕು! ಹುಟ್ಟುವಾಗ ಅವಳು ಕಾಲು ಮುಂದಾಗಿ ಬಂದವಳು. ಅಂಥವರು ಸೊಂಟಕ್ಕೆ ಕಾಲು ಸೋಕಿಸಿದರೆ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ದೊಡ್ಡವ್ವನಿಗಂತೂ ಅದು ಲೈಸೆನ್ಸು.

ಲೈಸೆನ್ಸಿಲ್ಲದವರನ್ನು ಅವಳು ಸುಮ್ಮನೆ ಬಿಟ್ಟವಳಲ್ಲ. ಪಕ್ಕದ ಬೀದಿಯವನೊಬ್ಬ ತಾನೂ ಕಾಲು ಮುಂದಾಗಿ ಹುಟ್ಟಿದವನೆಂದು ಜನರ ಸೊಂಟ ತುಳಿಯತೊಡಗಿದಾಗ, ಅವನ ತಾಯಿಯನ್ನೇ ಕರೆಸಿ ಸಾಕ್ಷಿ ಕೇಳಿದಳು. "ಸುಳ್ಯಾಕೆ ಯೋಳ್ಲಿ, ತಲೇನೇ ಮುಂದಾಗ್ ಬಂದ ಕಣವ್ವ" ಎಂದಳು ಆ ಮುದುಕಿ. ಅಲ್ಲಿಗೆ ಅವನ ವೈದ್ಯವೃತ್ತಿ ಮುಗಿಯಿತು.

ಇಂಥವಳ ಬಲ ಹೆಗಲು ಹೋದ ವರ್ಷ ಹಿಡಿದುಕೊಂಡಿತು. ಕೈ ಎತ್ತಿ ತಲೆ ಬಾಚಿಕೊಳ್ಳಲೂ ಆಗದು. ಊರವರ ಸೊಂಟವನ್ನೆಲ್ಲ ಒದ್ದವಳಾದರೂ ತನ್ನ ಹೆಗಲನ್ನು ತಾನೇ ಒದೆಯಲಾದೀತೇ? ತಾಯಿಯಿಲ್ಲದ ನನಗೆ ಚಿಕ್ಕಂದಿನಲ್ಲಿ ದಿನಾ ಜಡೆ ಹಾಕಿದವಳಿಗೆ ಈಗ ನಾನು ತುರುಬು ಕಟ್ಟಬೇಕಾಯಿತು. ನಾನು ಕಟ್ಟಿದ ತುರುಬು ಕಂಡು ಅವಳು ಕನ್ನಡಿ ನೋಡುವುದನ್ನೇ ಬಿಟ್ಟಳು.

ಕೊನೆಗೆ ಹುಣಸೂರಿನ ಫಿಸಿಯೋಥೆರಪಿ ಹುಡುಗಿಯ ಬಳಿ ಕರೆದೊಯ್ದೆ. ವ್ಯಾಯಾಮದ ಜೊತೆಗೆ ಡ್ರೈ ನೀಡ್ಲಿಂಗ್ ಮಾಡಬಹುದು, ಅಂದರೆ ಬಿಗಿದುಕೊಂಡ ಮಾಂಸಖಂಡಕ್ಕೆ ಔಷಧಿಯಿಲ್ಲದ ಸಣ್ಣ ಸೂಜಿ ಚುಚ್ಚುವುದು ಎಂದಳು. ದೊಡ್ಡವ್ವ ವಿಚಾರಣೆಗೆ ಕುಳಿತಳು.

"ನೀನು ಕಾಲ್ ಮುಂದಾಗ್ ಉಟ್ಟಿದ್ದೀಯಾ?"

"ಇಲ್ಲ ಅಜ್ಜಿ, ಸಿಸೇರಿಯನ್."

ದೊಡ್ಡವ್ವ ನನ್ನ ಮುಖ ನೋಡಿದಳು. ಅವಳ ಕಾನೂನಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

"ಮತ್ತೆ ಚುಚ್ಚಾಕೆ ನಿಂಗೆ ಅಪ್ಪಣೆ ಕೊಟ್ಟೋರ್ಯಾರವ್ವ?"

ಹುಡುಗಿ ನಕ್ಕಳು. "ಡಾಕ್ಟರೇ ಚುಚ್ಚಬೇಕೋ, ನಾವೂ ಚುಚ್ಚಬಹುದೋ ಅಂತ ಇನ್ನೂ ವಾದ ನಡೀತಾನೇ ಇದೆ ಅಜ್ಜಿ. ನಾನು ಡಿಗ್ರಿ ಆದ್ಮೇಲೆ ಇದಕ್ಕೇ ಅಂತ ಬೇರೆ ತರಬೇತಿ ತಗೊಂಡಿದ್ದೀನಿ. ಆದ್ರೂ ಪಕ್ಕೆ ಮೇಲೆ ಚುಚ್ಚಲ್ಲ, ಒಳಗೆ ಶ್ವಾಸಕೋಶ ಇರುತ್ತೆ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗೂ ಚುಚ್ಚಲ್ಲ."

ದೊಡ್ಡವ್ವನ ಗಂಟು ಮುಖ ಸಡಿಲವಾಯಿತು. ಮೂಳೆ ಮುರಿದವರನ್ನೂ ಬಸುರಿಯರನ್ನೂ ಮುಟ್ಟದೆ ಆಸ್ಪತ್ರೆಗೆ ಅಟ್ಟುವುದು ಅವಳದೂ ಪದ್ಧತಿ. "ಏನ್ ಮಾಡ್ಬಾರ್ದು ಅಂತ ಗೊತ್ತಿರೋಳು ಕಣೆ ಇವ್ಳು. ಚುಚ್ಲಿ ಬುಡು" ಎಂದಳು. ಲೈಸೆನ್ಸು ಮಂಜೂರು! ಸೂಜಿ ಇಳಿದ ಮೇಲೆ, "ಇಷ್ಟೇಯಾ? ನಮ್ಮೂರ್ ಸೊಳ್ಳೆ ಇದ್ಕಿಂತ ವಾಸಿ" ಎಂದು ಗೊಣಗಿದಳು. ನನ್ನ ಕೈಯನ್ನು ಮಾತ್ರ ಬಿಟ್ಟಿರಲಿಲ್ಲ.

ಸೂಜಿಯ ಮಹಿಮೆಯೋ ವ್ಯಾಯಾಮದ್ದೋ, ಕೆಲವು ವಾರಗಳಲ್ಲಿ ಕೈ ಮೇಲೇರತೊಡಗಿತು. ಮೊನ್ನೆ ನಾನು ಎಂದಿನಂತೆ ಬಾಚಣಿಗೆ ಹಿಡಿದು ಹಿಂದೆ ಕೂತರೆ, ಅದನ್ನು ಕಿತ್ತುಕೊಂಡು ತಾನೇ ತುರುಬು ಕಟ್ಟಿಕೊಂಡಳು. ಆಮೇಲೆ, "ತಿರುಗ್ ಅತ್ಲಾಗೆ, ನಿನ್ ತಲೆ ಕಾಗೆ ಗೂಡಾಗದೆ" ಎಂದು ಅರ್ಧ ನರೆತ ನನ್ನ ಕೂದಲನ್ನು ಹಿಡಿದು ಜಡೆ ಹೆಣೆಯತೊಡಗಿದಳು.

ಹೆಗಲು ನೊಂದಾಗ ಕೈ ನಿಲ್ಲುತ್ತಿತ್ತು, ಮತ್ತೆ ಹೆಣೆಯುತ್ತಿತ್ತು. ಸಾಕು ಬುಡು ದೊಡ್ಡವ್ವ ಎನ್ನಬೇಕಿತ್ತು. ಕಣ್ಣು ತುಂಬಿ ಬಂದಿತ್ತು. ಅವಳಿಗೆ ಕಾಣದಂತೆ ತಲೆ ಬಗ್ಗಿಸಿ ಕೂತೆ.

"ಅಲ್ಲಾಡ್ಬ್ಯಾಡ ಮಗ, ಸೊಟ್ಟಗಾಯ್ತದೆ" ಎಂದಳು.