ಭಾವನ ಮನೆಯ ಚಳಿದೇಶದ ಅತಿಥಿ

ದುಬೈಯಲ್ಲಿ ನಮ್ಮ ಭಾವನ ಮನೆಗೆ ಹೋಗುವವರು ಸ್ವೆಟರ್ ಒಯ್ಯಬೇಕಿತ್ತು. ಅದೂ ಜುಲೈಯಲ್ಲಿ! ಹೊರಗೆ ಚಪ್ಪಲಿ ಕರಗುವ ಬಿಸಿಲು, ಅಲ್ ಕುಸೈಸಿನ ಅವರ ಒಂಟಿ ಕೋಣೆಯೊಳಗೆ ಹಲ್ಲು ಕಟಕಟ. ಏಸಿಯನ್ನು ಹದಿನಾರಕ್ಕಿಳಿಸಿ, ತಾವು ಮಂಕಿ ಟೋಪಿ ಹಾಕಿ ಕೂತಿರುತ್ತಿದ್ದರು. ಯಾರಿಗಾಗಿ? ಕಿಟಕಿಯ ಹತ್ತಿರ ಮರದ ತುಂಡಿಗೆ ಅಂಟಿಕೊಂಡಿದ್ದ ಒಂದು ಹಿಡಿ ಪಾಚಿಗಾಗಿ!

ಭಾವ ಅಲ್ ಕೂಜ್‌ನ ಮರದ ಗೋದಾಮಿನಲ್ಲಿ ಸೂಪರ್‌ವೈಸರ್. ಉತ್ತರದ ಹಿಮದೇಶಗಳಿಂದ ಬರುವ ಹಲಗೆಗಳನ್ನು ಇಳಿಸಿಕೊಳ್ಳುವುದು ಕೆಲಸ. ಒಮ್ಮೆ ಲೋಡಿನ ಅಡಿಗೆ ಸಿಕ್ಕಿಸಿದ್ದ, ತೊಗಟೆ ಉಳಿದಿದ್ದ ತುಂಡೊಂದರ ಮೇಲೆ ಬೂದು ಬಣ್ಣದ, ಎಲೆಯಂತೆ ಸುರುಟಿದ ಇದು ಕಂಡಿತು. ನೀರು ಚಿಮುಕಿಸಿದರೆ ಹಸಿರಾಯಿತಂತೆ. ಅಂದೇ ಮನೆಗೆ ಕರೆದುಕೊಂಡು ಬಂದರು.

"ಪಾಚಿ ಅನ್ಬೇಡ ಮಾರಾಯ. ಇದು ಕಲ್ಲುಹೂವಿನ ಜಾತಿ. ಮುದಿ ಮರವೇ ಬೇಕು ಇದಕ್ಕೆ. ಅಲ್ಲಿ ಹಳೇ ಕಾಡು ಬೋಳಿಸಿ, ಒಂದೇ ಜಾತಿಯ ಸಸಿ ಸಾಲಾಗಿ ನೆಟ್ಟು, ಕಾಡು ವಾಪಸ್ ಬಂತು ಅಂತಾರೆ. ಮರ ಬರ್ತದೆ. ಇದು ಬರುವುದಿಲ್ಲ. ಕೊಳೆತ ಮರದ ಹುಳವೂ ಇಲ್ಲ, ಅದನ್ನು ತಿನ್ನುವ ಮರಕುಟಿಗವೂ ಇಲ್ಲ."

"ನೀವು ಮಾರುವುದೂ ಅದೇ ಕಾಡಿನ ಮರ ಅಲ್ವಾ ಭಾವ?"

"ಹೊಟ್ಟೆಪಾಡು. ಅದಕ್ಕೇ, ಇದೊಂದಾದ್ರೂ ಉಳೀಲಿ ಅಂತ."

ಡ್ಯೂಟಿ ಮುಗಿಸಿ ಬಂದವರೇ ಅದರ ಮುಂದೆ ಕೂತು, "ಯಲ್ಲಾ, ಬಾ, ಚಾ ಕುಡಿಯುವಾ?" ಎನ್ನುತ್ತಿದ್ದರು. ಉಡುಪಿಯಲ್ಲಿ ಟೀಚರಾಗಿರುವ ಅಕ್ಕ ಫೋನಿನಲ್ಲಿ, "ಯಾರೊಟ್ಟಿಗೆ ಮಾತಾಡ್ತಿದ್ರಿ?" ಎಂದು ಕೇಳಿದರೆ, "ರೂಮ್‌ಮೇಟ್" ಎಂದರಂತೆ. ಮದುವೆಯಾದಂದಿನಿಂದ ಅವರದು ಫೋನಿನ ಸಂಸಾರವೇ.

ಕೊನೆಗೂ ದಸರಾ ರಜೆಗೆ ಅಕ್ಕ ವಿಸಿಟ್ ವೀಸಾದಲ್ಲಿ ಬಂದಳು. ಮೊದಲ ದಿನವೇ ಇದ್ದಬದ್ದ ಕಂಬಳಿಯನ್ನೆಲ್ಲ ಹೊದ್ದು, "ನನ್ನನ್ನು ಫ್ರಿಜ್ಜಿನಲ್ಲಿಡ್ಲಿಕ್ಕೆ ಕರೆಸಿದ್ದಾ?" ಎಂದಳು. ಭಾವ ಏಸಿಯನ್ನು ಇಪ್ಪತ್ತಾರಕ್ಕೇರಿಸಿ, ಅವಳು ಮಲಗಿದ ಮೇಲೆ ಅತಿಥಿಯನ್ನು ತೊಗಟೆಯಿಂದ ಜೋಪಾನವಾಗಿ ಬಿಡಿಸಿ, ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನೊಳಗಿಟ್ಟರು.

ಆ ಭಾನುವಾರ ನಾನಿರುವ ಅಬುಧಾಬಿಯಿಂದ ಊಟಕ್ಕೆ ಹೋದೆ. ಬಿರಿಯಾನಿಯ ಪರಿಮಳ ಲಿಫ್ಟಿನವರೆಗೆ ಬಂದಿತ್ತು. ಬಡಿಸುತ್ತಾ ಅಕ್ಕ, "ಕಲ್ಲುಹೂವು ಇಲ್ಲಿ ಎಷ್ಟು ಫ್ರೆಶ್ ಸಿಗ್ತದೆ ಮಾರಾಯ. ಫ್ರಿಜ್ಜಿನಲ್ಲಿ ಡಬ್ಬಿ ತುಂಬ ಇತ್ತು. ಎಲ್ಲ ಹುರಿದು ಮಸಾಲೆಗೆ ಹಾಕಿಬಿಟ್ಟೆ" ಎಂದಳು.

ಬಾಯಿಗೆ ಒಯ್ದ ತುತ್ತನ್ನು ತಟ್ಟೆಗೆ ಇಳಿಸಿದೆ. ಭಾವನ ಮುಖ ನೋಡಿದೆ. ಅವರು ಅಗಿಯುವುದನ್ನು ನಿಲ್ಲಿಸಿದ್ದರು.

"ಹೇಗುಂಟು?" ಅಕ್ಕ ಕೇಳಿದಳು.

ಭಾವ ನುಂಗಿಕೊಂಡರು. "ಲಾಯ್ಕುಂಟು. ಇನ್ನು ಸ್ವಲ್ಪ ಹಾಕು."

ಕೆಳಗೆ ಪಾರ್ಕಿಂಗಿನಲ್ಲಿ ಕೇಳಿದೆ, "ಯಾಕೆ ಹೇಳ್ಲಿಲ್ಲ ಭಾವ?"

"ಕಾಡು ಕಡಿಯುವವನಿಗೇ ಅದರಲ್ಲಿ ಏನೇನಿತ್ತು ಅಂತ ಗೊತ್ತಿರುವುದಿಲ್ಲ. ಇವಳಿಗೆ ಹೇಗೆ ಗೊತ್ತಾಗ್ಬೇಕು? ಹೇಳಿದ್ರೆ ಊರಿಗೆ ಹೋದ್ಮೇಲೂ ಅಳ್ತಾಳೆ."

ರಜೆ ಮುಗಿದು ಅಕ್ಕ ಹೊರಟುಹೋದಳು. ಮುಂದಿನ ವಾರ ಹೋದಾಗ ಐಸ್ ತೆಗೆಯಲೆಂದು ಫ್ರೀಜರ್ ತೆರೆದೆ. ಅಕ್ಕ ಮಾಡಿದ್ದ ಅದೇ ಬಿರಿಯಾನಿ ಒಂದು ಡಬ್ಬಿ ಹಿಮಗಟ್ಟಿ ಕೂತಿತ್ತು.

"ಬಿಸಿ ಮಾಡ್ಲಾ ಭಾವ?"

ಅವರು ಎದ್ದು ಬಂದು ಮೆಲ್ಲಗೆ ಬಾಗಿಲು ಮುಚ್ಚಿದರು.

"ಬೇಡ. ಅದೂ ಖಾಲಿಯಾದ್ರೆ ಮತ್ತೆ ಈ ಮನೇಲಿ ನಾನೊಬ್ಬನೇ."

ಆ ದಿನ ನಾನು ಅಬುಧಾಬಿಗೆ ವಾಪಸಾಗಲಿಲ್ಲ.