ಧಾಬಳಿ ಪೆಟ್ಟಿಗೆಯ ಡ್ರ್ಯಾಗನ್

"ಒಂದಲ್ಲ, ಎರಡಲ್ಲ, ಒಂಬತ್ತು ಭಾಗ ಹೇಳ್ತೀನಿ! ಆ ಪರದೇಶದ ಲೇಖಕ ನನ್ನ ಮುಂದ ಯಾವ ಗಿಡದ ತೊಪ್ಪಲ?"

ಎದೆ ತಟ್ಟಿಕೊಂಡು ನಾನು ಈ ರಾಜಘೋಷಣೆ ಹೊರಡಿಸಿದ್ದು ತೊಂಬತ್ತೆಂಟನೇ ಇಸವಿಯ ಬೇಸಿಗೆಯಲ್ಲಿ, ವಾಡಿಯ ನಮ್ಮ ಬಾಡಿಗೆ ಮನೆಯ ಮಾಳಿಗೆಯ ಮೇಲೆ. ಕೇಳಲು ಇದ್ದ ಪ್ರಜೆಗಳು ಇಬ್ಬರೇ. ಒಬ್ಬಳು ಮಗಳು ಪ್ರಮಿತಾ, ಮೂರನೇ ಇಯತ್ತೆ. ಇನ್ನೊಬ್ಬಳು ಹೆಂಡತಿ ಪದ್ಮಜಾ.

"ಮೊದಲ ಆ ಸಂಡಿಗಿ ಬಳದು ಡಬ್ಬಿಗೆ ತುಂಬ್ರಿ. ಆಮ್ಯಾಲ ಒಂಬತ್ತರ ಹೇಳ್ರಿ, ತೊಂಬತ್ತರ ಹೇಳ್ರಿ" ಎಂದಳು ಪದ್ಮಜಾ. ಮಹಾಕವಿಗಳಿಗೆ ಮನೆಯಲ್ಲಿ ಸಿಗುವ ಗೌರವ ಇಷ್ಟೇ ನೋಡಿ!

ಇದಕ್ಕೆಲ್ಲ ಮೂಲ ಗುಲಾಮ ದಸ್ತಗೀರ. ನಾನು ವಾಡಿ ಜಂಕ್ಷನ್ನಿನಲ್ಲಿ ಪಾರ್ಸಲ್ ಗುಮಾಸ್ತ, ಅವನು ಪ್ಲಾಟ್‌ಫಾರ್ಮಿನ ಪುಸ್ತಕದ ಅಂಗಡಿಯವನು. ಒಂದು ದಿನ ಡ್ರ್ಯಾಗನ್ ಚಿತ್ರವಿದ್ದ ಇಂಗ್ಲಿಷ್ ಪುಸ್ತಕವೊಂದನ್ನು ಪ್ರಮಿತಾಳಿಗೆಂದು ಕೊಟ್ಟ. ಅಪ್ಪ ಸತ್ತು, ಒಂಬತ್ತನೇ ವಯಸ್ಸಿಗೇ ರಾಣಿಯಾದ ಹುಡುಗಿಯ ಕಥೆ. ಕಿರೀಟ ದೊಡ್ಡದು, ತಲೆ ಚಿಕ್ಕದು; ಕಿರೀಟ ಜಾರಿ ಜಾರಿ ಮೂಗಿನ ಮೇಲೆ ಕೂತುಬಿಡುತ್ತದೆ, ಮುಂದಿನದೇನೂ ಕಾಣುವುದಿಲ್ಲ. ನಾನು ದಿನಾ ಓದಿ ಕನ್ನಡದಲ್ಲಿ ಹೇಳಿದೆ. ಕೊನೆಯ ಪುಟದಲ್ಲಿ ರಾಣಿಗೆ ಹಾಳು ಕೋಟೆಯಲ್ಲಿ ಒಂದು ಡ್ರ್ಯಾಗನ್ ಮೊಟ್ಟೆ ಸಿಗುತ್ತದೆ. ಅಷ್ಟರಲ್ಲಿ ಪುಸ್ತಕ ಮುಗಿಯಿತು! ಎರಡನೇ ಭಾಗ ಎಲ್ಲಿ? "ನಾಳಿ ಗಾಡಿಗೆ ಪಕ್ಕಾ ಬರ್ತದ ಸಾಬ್!" ಎಂದ ದಸ್ತಗೀರ. ಅವನ ನಾಳೆಯೂ ನಮ್ಮ ರೈಲಿನ ವೇಳೆಯೂ ಒಂದೇ ಜಾತಿಯವು.

ಮಗಳು ಊಟ ಬಿಟ್ಟಳು. ಸೇಡಂನಿಂದ ನನಗೆ ವರ್ಗವಾಗಿ ವಾಡಿಗೆ ಬಂದಾಗಿನಿಂದ ಅವಳಿಗೆ ಒಬ್ಬ ಗೆಳತಿಯೂ ಸಿಕ್ಕಿರಲಿಲ್ಲ. ಇದ್ದವಳು ಆ ಕಾಗದದ ರಾಣಿ ಒಬ್ಬಳೇ. ಅದಕ್ಕೇ ನನ್ನ ಘೋಷಣೆ.

ಆ ಸಂಜೆಗಳನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಹೊತ್ತು ಮುಳುಗುವಾಗ ಕರೆಂಟು ತಪ್ಪದೆ ಹೋಗುತ್ತಿತ್ತು. ಮಾಳಿಗೆಯ ಶಹಾಬಾದಿ ಕಲ್ಲು ಹಗಲೆಲ್ಲ ಕುಡಿದ ಬಿಸಿಲನ್ನು ಬೆನ್ನಿಗೆ ಮೆಲ್ಲಗೆ ವಾಪಸು ಕೊಡುತ್ತಿತ್ತು. ದೂರದ ಸಿಮೆಂಟ್ ಚಿಮಣಿಯ ಹೊಗೆ ಮೊದಲು ಕೆಂಪಾಗಿ, ಆಮೇಲೆ ನೇರಳೆಯಾಗಿ, ಆಮೇಲೆ ಬಾಲ ಬಿಚ್ಚಿ ಎಲ್ಲಿಗೋ ಹಾರಿ ಹೋಗುತ್ತಿತ್ತು. ಒಂದು ಗೂಡ್ಸ್ ಗಾಡಿ ನಿದ್ದೆಗಣ್ಣಲ್ಲಿ ಹೋದಂತೆ ಉದ್ದಕ್ಕೂ ಹೋಗುತ್ತಲೇ ಇರುತ್ತಿತ್ತು. ಅಂಥ ಹೊತ್ತಿನಲ್ಲಿ ಸುಳ್ಳು ಹೇಳುವುದು ಎಷ್ಟು ಸುಲಭ! ಹಾಳು ಕೋಟೆಯನ್ನು ನಾನು ಮಳಖೇಡಕ್ಕೆ ತಂದಿಟ್ಟೆ. ಡ್ರ್ಯಾಗನ್‌ಗಳು ಕಾಗಿಣಾ ಹೊಳೆಯಲ್ಲಿ ನೀರು ಕುಡಿದು, ಚಿತ್ತಾಪುರದ ಮೇಲೆ ಒಂದು ಸುತ್ತು ಹಾಕಿ, ತೊಗರಿ ಹೊಲಗಳಲ್ಲಿ ರೆಕ್ಕೆ ಒಣಗಿಸಿಕೊಂಡವು. ರಾಣಿಯ ಹೆಸರು ರತ್ನಮಂಜರಿಯಾಯಿತು.

ಅಮ್ಮ, ಅಂದರೆ ಶಾರದಾಬಾಯಿ, ಮಾಳಿಗೆಯ ಕೊನೆಯ ಮೆಟ್ಟಿಲ ಮೇಲೆ ಜಪಮಣಿ ಹಿಡಿದು ಕೂಡುತ್ತಿದ್ದಳು. "ನಂಗ ನಿನ್ನ ಕಥಿ ಬ್ಯಾಡೋ ಜಯತೀರ್ಥ. ಗಾಳಿಗೆ ಕೂತೀನಿ" ಎನ್ನುತ್ತಿದ್ದಳು.

ಎರಡನೇ ಭಾಗದಲ್ಲಿ ರಾಣಿ ಆಡುತ್ತ ಆಡುತ್ತ ಅರಮನೆಯ ಕಣಜಕ್ಕೆ ಬೆಂಕಿ ಹಚ್ಚಿಬಿಟ್ಟಳು. ಮಂತ್ರಿ ಬಂದು, "ತಪ್ಪು ಅಡಿಗೆಯವನ ಮೇಲೆ ಹಾಕೋಣ, ಮಹಾರಾಣಿ" ಎಂದ. ರತ್ನಮಂಜರಿ ತುಂಬಿದ ಸಭೆಯಲ್ಲಿ ಎದ್ದು ನಿಂತು "ನಾನೇ ಮಾಡಿದ್ದು" ಎಂದಳು. ಹಾಗೆಂದೊಡನೆ ಕಿರೀಟ ಮೂಗಿನಿಂದ ಮೇಲಕ್ಕೆ ಸರಿದು ಹಣೆಗೆ ಕೂತಿತು! ಈ ಕಲ್ಪನೆಗೆ ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡೆ. "ತಿಳೀತೇನು ಪಮ್ಮೀ? ತಪ್ಪು ಒಪ್ಪಿಕೊಳ್ಳೋರ ತಲಿಗೆ ಮಾತ್ರ ಕಿರೀಟ ಹೊಂದ್ತದ. ಮಂತ್ರಿಗೋಳನ್ನ ಎಂದೂ ನಂಬಬಾರದು" ಎಂದು ಭಾಷಣವನ್ನೂ ಬಿಗಿದೆ.

ಮೂರನೇ ಭಾಗ ಹೇಳುವ ದಿನ ಮಧ್ಯಾಹ್ನ ಒಂದು ಘಟನೆ ನಡೆದಿತ್ತು. ನೀರು ಕುಡಿಯಲು ಹೋಗಿ ಅಮ್ಮನ ಮಡಿ ತಂಬಿಗೆ ಮುಟ್ಟಿ ಚೆನ್ನಾಗಿ ಬೈಸಿಕೊಂಡಿದ್ದೆ. ಆ ಸಿಟ್ಟನ್ನು ಕಥೆಯಲ್ಲಿ ತೀರಿಸಿಕೊಂಡೆ. "ಡ್ರ್ಯಾಗನ್ ಅಂದ್ರ ಭಾಳ ಮಡಿವಂತ ಪ್ರಾಣಿ! ಅದರ ತತ್ತಿ ಯಾರೂ ಮುಟ್ಟಲಾರದ ಜಾಗಾದಾಗೇ ಇಡಬೇಕು. ಬೆಚ್ಚಗ ಇರಬೇಕು. ಎಲ್ಲಿ ಅದ ಅಂತ ರಾಣಿ ಬಾಯಿ ಬಿಟ್ಟಳೋ, ತತ್ತಿ ಕಲ್ಲಾಗಿ ಹೋಗ್ತದ. ಶಹಾಬಾದಿನ ಕಲ್ಲೆಲ್ಲಾ ಏನಂತ ತಿಳಿದಿ? ಬಾಯಿ ಬಿಟ್ಟ ರಾಣಿಯರ ತತ್ತಿಗೋಳು!"

ಮೆಟ್ಟಿಲ ಮೇಲೆ ಜಪಮಣಿ ಒಂದು ಕ್ಷಣ ನಿಂತಿತು. ತತ್ತಿ ಎಂಬ ಶಬ್ದಕ್ಕೆ ಇರಬೇಕೆಂದು ನಾನು ನಕ್ಕೆ. ಉಳ್ಳಾಗಡ್ಡಿಗೂ ಪ್ರವೇಶವಿಲ್ಲದ ಅಡಿಗೆಮನೆ ನಮ್ಮದು!

ಮುಂದೆ ಬಂತು ಏಕಾದಶಿ. ಅಮ್ಮನದು ನೀರೂ ಮುಟ್ಟದ ಉಪವಾಸ. ಸಂಜೆ ನಾನು ಡ್ಯೂಟಿ ಮುಗಿಸಿ ಬರುವಾಗ ಹಿಂದಿನ ಓಣಿಯ ಜಾನಬಿ ನಳದ ಹತ್ತಿರ ಕೊಡ ಇಟ್ಟು ಕೂಗಿದಳು.

"ಸಾಬ್, ಆಂಡಾ ಒಡೀತೇನ್ರಿ?"

"ಯಾವ ಆಂಡಾ?"

"ನಮ್ಮ ಕೋಳಿ ಕಾವಿಗೆ ಕೂತಿತ್ರಿ. ನಿಮ್ಮ ಬೇಟಿ ಬಂದು ಅತ್ತು ಕರದು ಒಂದು ಒಯ್ದಾಳ. ಇವತ್ತು ನಾಳ್ಯಾಗ ಮರಿ ಆಗಬೇಕ್ ನೋಡ್ರಿ!"

ಶಾರದಾಬಾಯಿಯವರ ಮನೆಯಲ್ಲಿ ಕೋಳಿ ಮೊಟ್ಟೆ! ಅದೂ ಏಕಾದಶಿಯ ದಿನ! ಒಂದೇ ಓಟಕ್ಕೆ ಮನೆ ಮುಟ್ಟಿ ಮಗಳನ್ನು ಮೂಲೆಗೆ ಕರೆದೆ.

"ಪಮ್ಮೀ, ತತ್ತಿ ಎಲ್ಲಿಟ್ಟಿ?"

"ಹೇಳಂಗಿಲ್ಲ. ಹೇಳಿದ್ರ ಕಲ್ಲಾಗ್ತದ. ನೀನೇ ಹೇಳಿದ್ದಿ."

"ಅದು ಕಥಿ, ಪುಟ್ಟಿ!"

"ಹಂಗಾರ ಸುಳ್ಳೇನು?"

ನಾನು ಗಂಟಲು ಸರಿಮಾಡಿಕೊಂಡು, ನಿಂತ ನಿಲುವಿನಲ್ಲೇ ನಾಲ್ಕನೇ ಭಾಗ ಹೊಸೆದೆ. "ಕೇಳು, ಮುಂದ ಏನಾಗ್ತದಂದ್ರ, ಶಾಪಕ್ಕ ಒಂದು ಪರಿಹಾರ ಸಿಗ್ತದ. ರಾಣಿ ತನ್ನ ಹಿರೇ ಮಂತ್ರಿ ಕಿವ್ಯಾಗ ಮಾತ್ರ ಜಾಗಾ ಹೇಳಬಹುದು!"

ಪ್ರಮಿತಾ ತಲೆ ಅಲ್ಲಾಡಿಸಿದಳು. "ಮಂತ್ರಿಗೋಳನ್ನ ಎಂದೂ ನಂಬಬಾರದು ಅಂದಿದ್ದಿ" ಎಂದಳು. ಆಮೇಲೆ ನನ್ನ ಅಂಗಿಯ ತುದಿ ಹಿಡಿದು, ಮೆಲ್ಲಗೆ, "ಅಪ್ಪಾ, ಅದು ಹುಟ್ಟಿದ್ರ ಈ ಊರಾಗ ನಂಗ ಒಬ್ರು ಗೆಳ್ಯಾರು ಆಗ್ತಾರ. ಒಗೀಬ್ಯಾಡ" ಎಂದಳು. ಅವಳ ತಲೆ ಸವರಲು ಕೈ ಎತ್ತಿದೆ. ಆದರೆ ಅಮ್ಮನ ಮುಖ ಕಣ್ಣ ಮುಂದೆ ಬಂದು ಎತ್ತಿದ ಕೈ ಹಾಗೇ ಇಳಿಯಿತು.

ಪದ್ಮಜಾಳಿಗೆ ಹೇಳಿದೆ. ಹೇಳಬಾರದಿತ್ತು.

"ಹೇಳ್ರಿ ಇನ್ನ ಒಂಬತ್ತು ಭಾಗ! ನಾಳೆ ಅತ್ತ್ಯಾರ ಪಾರಣಿ ಹೊತ್ತಿಗೆ ನಿಮ್ಮ ಡ್ರ್ಯಾಗನ್ ಹುಟ್ಟಿತಂದ್ರ, ನಾ ಚಿಂಚೋಳಿ ಬಸ್ ಹತ್ತಿ ತವರಿಗೆ ಹೋಗ್ತೀನಿ ನೋಡ್ರಿ. ನೀವು, ನಿಮ್ಮ ಅಮ್ಮ, ನಿಮ್ಮ ಡ್ರ್ಯಾಗನ್, ಮೂರೂ ಮಂದಿ ಸುಖದಿಂದ ಇರ್ರಿ!"

"ನೀನೂ ಸ್ವಲ್ಪ ಹುಡುಕಬಾರದೇನ?"

"ನಾ ಇಟ್ಟೀನೇನು ತತ್ತಿ?"

ಸರಿ, ಏಕಾಂಗಿ ವೀರನಾಗಿ ದಂಡಯಾತ್ರೆಗೆ ಹೊರಟೆ. ಅಕ್ಕಿ ಡಬ್ಬಿ ನೋಡಿದೆ, ಹಾಸಿಗೆ ಸುರುಳಿ ಕೊಡವಿದೆ, ಹೊಲಿಗೆ ಮಷೀನಿನ ಖಾನೆಯಲ್ಲಿ ಕೈ ಹಾಕಿ ಸೂಜಿ ಚುಚ್ಚಿಸಿಕೊಂಡೆ. ಉಳಿದದ್ದು ಅಟ್ಟ. ಸ್ಟೂಲಿನ ಮೇಲೆ ಸ್ಟೂಲು ಇಟ್ಟು ಹತ್ತಿದೆ. ಸ್ಟೂಲುಗಳಲ್ಲಿ ಏನು ಭಿನ್ನಾಭಿಪ್ರಾಯ ಬಂತೋ, ಎರಡೂ ಬೇರೆ ಬೇರೆ ದಿಕ್ಕಿಗೆ ಹೋದವು! ಗಾಳಿಯಲ್ಲಿ ತೇಲುತ್ತ ಕೈಗೆ ಸಿಕ್ಕಿದ್ದನ್ನು ಹಿಡಿದೆ. ಸಿಕ್ಕಿದ್ದು, ಮರುದಿನದ ಪಾರಣೆ ಅಡಿಗೆಗೆಂದು ಗಳದ ಮೇಲೆ ಒಣಹಾಕಿದ್ದ ಅಮ್ಮನ ಮಡಿ ಸೀರೆ. ಗಳ, ಸೀರೆ, ನಾನು, ಮೂವರೂ ನೆಲಕ್ಕೆ ಬಂದೆವು.

"ಮುಟ್ಟಿದ್ಯೇನೋ?" ದೇವರ ಕೋಣೆಯಿಂದ ಅಮ್ಮನ ದನಿ.

"ನಾ ಮುಟ್ಟಿಲ್ಲಮ್ಮಾ! ಅದೇ ನನ್ನ ಮ್ಯಾಲ ಬಿತ್ತು!"

ಅಮ್ಮ ಬಾಗಿಲಿಗೆ ಬಂದು, ಸೀರೆಯಲ್ಲಿ ಸುತ್ತಿಕೊಂಡು ಬಿದ್ದ ನನ್ನನ್ನು ನೋಡಿದಳು. "ಇರ್ಲಿ. ನಾಳೆ ಧಾಬಳಿ ಉಡ್ತೀನಿ" ಎಂದಳು.

ಧಾಬಳಿ ಎಂದರೆ ಮಡಿಗೆ ಉಡುವ ಉಣ್ಣೆಯ ವಸ್ತ್ರ. ಬೇರೆ ಮಡಿ ಬಟ್ಟೆ ಇಲ್ಲದಾಗ ಮಾತ್ರ ಹೊರಬರುತ್ತಿತ್ತು. ಬಚ್ಚಲಲ್ಲಿ ನೀರು ಕಾಸುವ ಹಂಡೆಯ ಪಕ್ಕದ ಗೂಡಿನಲ್ಲಿ, ಒಂದು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಅದರ ವಾಸ. ಅಮ್ಮನ ಹೊರತು ಆ ಪೆಟ್ಟಿಗೆಯನ್ನು ಯಾರೂ ಮುಟ್ಟುವಂತಿರಲಿಲ್ಲ. ಧಾಬಳಿ ಎಂದೊಡನೆ ಪ್ರಮಿತಾಳ ಮುಖ ಸುಣ್ಣದಂತೆ ಬಿಳಿಚಿತು. ಯಾರೂ ಮುಟ್ಟದ ಜಾಗ, ಬೆಚ್ಚನೆಯ ಜಾಗ! ನನಗೆ ಹೊಳೆಯಿತೇ? ಇಲ್ಲ! ಪಾಪ, ಹುಡುಗಿಗೆ ನಿದ್ದೆ ಬಂದಿರಬೇಕು ಎಂದುಕೊಂಡೆ. ಒಂಬತ್ತು ಭಾಗದ ಕಥೆಗಾರ ನಾನು!

ಮರುದಿನ ದ್ವಾದಶಿ ಬೇಗನೆ ಮುಗಿಯುವುದಿತ್ತು. ಅಷ್ಟರೊಳಗೆ ಅಡಿಗೆ, ನೈವೇದ್ಯ, ಪಾರಣೆ ಎಲ್ಲ ಆಗಬೇಕು. ಮೂಡಲು ಕೆಂಪಾಗುವ ಹೊತ್ತಿಗೆ ಅಮ್ಮ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಪೆಟ್ಟಿಗೆಯ ಮುಚ್ಚಳ ತೆಗೆದಳು.

"ಚಿಂವ್!"

ನಾನು ಬಚ್ಚಲ ಬಾಗಿಲಿಗೆ ಹಾರಿ ಬಿದ್ದೆ. ಮಡಚಿದ ಧಾಬಳಿಯ ನಡುವೆ ಒಡೆದ ಚಿಪ್ಪು. ಅದರ ಪಕ್ಕ ಹಸಿಹಸಿ ಮೈಯ, ಜೋಲಿ ಹೊಡೆಯುವ ಒಂದು ಜೀವ, ಅಮ್ಮನನ್ನೇ ನೋಡುತ್ತಿತ್ತು.

"ಏನೋ ಇದು, ಜಯತೀರ್ಥ?"

"ಹಲ್ಲಿ ಇರಬೇಕಮ್ಮಾ!"

"ಹಲ್ಲಿ ಚಿಂವ್ ಅಂತದೇನೋ?"

"ಹಂಗಾರ ಬೆಕ್ಕು! ಬೆಕ್ಕೇ ತಂದಿಟ್ಟದ! ಇಲ್ಲಾಂದ್ರ ಆ ಜಾನಬಿ... ಆಕಿ ಕೋಳಿಗೆ ಹದ್ದುಬಸ್ತು ಅನ್ನೂದೇ ಇಲ್ಲ ನೋಡು!"

ನನ್ನ ಮಗ್ಗುಲಿಂದ ಒಂದು ಚಿಕ್ಕ ತಲೆ ತೂರಿ ಮುಂದೆ ಬಂತು.

"ಬೆಕ್ಕಲ್ಲ ಅಜ್ಜಿ. ಜಾನಬಿ ಚಾಚಿದೂ ತಪ್ಪಿಲ್ಲ. ನಾನೇ ಇಟ್ಟೀನಿ. ಯಾರೂ ಮುಟ್ಟಲಾರದ ಜಾಗಾ ಇದೊಂದೇ ಇತ್ತು. ನಂಗ ಏನ್ ಬೇಕಾದ್ರೂ ಅನ್ರಿ. ಅದನ್ನ ಒಗೀಬ್ಯಾಡ್ರಿ." ಅವಳು ಕತ್ತು ಬಗ್ಗಿಸಿರಲಿಲ್ಲ.

ಅಮ್ಮನ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪದ್ಮಜಾ ನನ್ನ ಹಿಂದೆ ಬಂದು ನಿಂತಿದ್ದಳು. ನಾನು ಮನಸ್ಸಿನಲ್ಲೇ ಚಿಂಚೋಳಿ ಬಸ್ಸಿನ ವೇಳೆ ನೆನಪು ಮಾಡಿಕೊಳ್ಳುತ್ತಿದ್ದೆ.

"ಒಗೀತೀನಂತ ಯಾರ್ ಅಂದ್ರು?" ಎಂದಳು ಅಮ್ಮ. "ಪದ್ಮಜಾ, ಒಂದೀಟು ಅಕ್ಕಿ ನುಚ್ಚು ತಾ. ನಿನ್ನಿಂದ ಅದೂ ಉಪಾಸ ಅದ. ಮೊದಲ ಅದರ ಪಾರಣಿ ಆಗ್ಲಿ."

ಪ್ರಮಿತಾ ಅಳು ತಡೆಯಲಾರದೆ ಅಜ್ಜಿಯ ಒದ್ದೆ ಸೀರೆಗೇ ಜೋತುಬಿದ್ದಳು. ಮಡಿ ಹೋಯಿತು! ಅಮ್ಮ ಅವಳನ್ನು ಬಿಡಿಸಿಕೊಳ್ಳಲಿಲ್ಲ. ಆಮೇಲೆ ತಲೆಯ ಮೇಲೆ ಮತ್ತೆರಡು ತಂಬಿಗೆ ನೀರು ಸುರಿದುಕೊಂಡು, ಒದ್ದೆಯಲ್ಲೇ ಒಲೆ ಹಚ್ಚಿದಳು.

ದ್ವಾದಶಿ ಮುಗಿಯುವ ಮುನ್ನ ಹೇಗೋ ಎಲೆ ಹಾಕಿದೆವು. ಮರಿಯನ್ನು ಬುಟ್ಟಿಯಲ್ಲಿಟ್ಟು ಪ್ರಮಿತಾ ಜಾನಬಿಯ ಮನೆಗೆ ಮುಟ್ಟಿಸಿ, ಡ್ರ್ಯಾಗನ್ ಕಥೆಯನ್ನೂ ಹೇಳಿ ಬಂದಳು. ಬರುವಾಗ ಒಬ್ಬಳೇ ಬರಲಿಲ್ಲ. "ಡ್ರ್ಯಾಗನ್ ಮಾಲಕಿ ಈಕೇನಾ?" ಎನ್ನುತ್ತ ಆ ಓಣಿಯ ಹುಡುಗಿಯರ ದಂಡೇ ಬೆನ್ನ ಹಿಂದಿತ್ತು. ಅಂಗಳದಲ್ಲಿ ಅವಳ ನಗು ಕೇಳುತ್ತಿತ್ತು. ವಾಡಿಗೆ ಬಂದ ಮೇಲೆ ನಾನು ಅದನ್ನು ಕೇಳಿದ್ದು ಅದೇ ಮೊದಲು.

ಸಂತೋಷಕ್ಕೆ ನನ್ನ ಪೌರುಷ ಮರಳಿತು. ಅಗಸೆ ಸೊಪ್ಪಿನ ಪಲ್ಯ ಬಾಯಿಗಿಡುತ್ತ, "ನೋಡಿದ್ಯಾ ಅಮ್ಮಾ, ನನ್ನ ಕಥಿ ಪ್ರಭಾವ! ಇವತ್ತು ಸಂಜಿಗೆ ಐದನೇ ಭಾಗ ಹೇಳ್ತೀನಿ" ಎಂದೆ.

"ನೀ ಏನೂ ಹೇಳಬ್ಯಾಡ. ಮುಂದಿಂದು ಪಮ್ಮಿ ಹೇಳ್ತಾಳ" ಎಂದಳು ಅಮ್ಮ.

"ನೀ ಬರೇ ಗಾಳಿಗೆ ಕೂಡ್ತಿದ್ದಿ, ನಿಂಗೇನ್ ಗೊತ್ತು ಕಥಿ?"

ಅಮ್ಮ ನನ್ನ ಎಲೆಗೆ ಇನ್ನೊಂದಿಷ್ಟು ಪಲ್ಯ ಬಡಿಸಿ, ಬಹಳ ಪ್ರೀತಿಯಿಂದ ಹೇಳಿದಳು: "ಎಲ್ಲಾ ಕೇಳೀನೋ ಜಯತೀರ್ಥ. ಆಕಿ ಕಿರೀಟ ಇವತ್ತ ಹಣಿಗೆ ಕೂತಿತು. ನಿಂದು ನೋಡು, ಇನ್ನೂ ಮೂಗಿನ ಮ್ಯಾಲೇ ಅದ."