ಅತ್ತೆ ಕೊಟ್ಟ ಬದನೆ ಬೀಜ

ನಾಗಭೂಷಣ್‌ನ ಭಾನುವಾರ ಕೆಟ್ಟದ್ದು, ಮೇಲಿನ ಮನೆಯ ರಾಜಕುಮಾರ್ ಒಂದು ಟವೆಲ್ ಒಣಹಾಕಲು ತಾರಸಿಗೆ ಬಂದದ್ದರಿಂದ.

ವಿದ್ಯಾನಗರದ ಆ ತಾರಸಿಯ ಮೂಲೆಯಲ್ಲಿ ಒಂದು ಥರ್ಮಾಕೋಲ್ ಡಬ್ಬಿಯಿತ್ತು. ಅದರಲ್ಲಿ ನಾಗಭೂಷಣ್‌ನ ಮಾನ ಚಿಗುರುತ್ತಿತ್ತು. ಗುತ್ತೂರಿನ ಅತ್ತೆ ಕೊಟ್ರವ್ವ ನೆಂಟರ ಮದುವೆಯಲ್ಲಿ ನಾಲ್ಕು ಜನರ ಮುಂದೆ, "ನಮ್ಮ ಅಳಿಯಂದ್ರ ಕೈಯಾಗ ಹುಲ್ಲುಕಡ್ಡಿನೂ ಏಳಲ್ಲ" ಎಂದಿದ್ದಳು. ಅವನಿಗೆ ರೇಗಿತು. ಬೀಜ ಕೊಡಿ, ಸಸಿ ಎಬ್ಬಿಸಿ ತೋರಿಸುತ್ತೇನೆ ಎಂದ. ಅವಳು ಬದನೆ ಬೀಜವೆಂದು ಒಂದು ಬಟ್ಟೆಯ ಗಂಟು ಕಳಿಸಿದಳು. ಕಾವಿಗೆ ಕೂತ ಕೋಳಿಯಂತೆ ಕಾದು ಅವನು ಸಸಿ ಎಬ್ಬಿಸಿಯೇಬಿಟ್ಟಿದ್ದ.

ರಾಜಕುಮಾರ್ ಹಿಂದೊಮ್ಮೆ ಗೊಬ್ಬರದಂಗಡಿಯ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದರು. ಅಷ್ಟರಿಂದಲೇ ಕೃಷಿಯಲ್ಲಿ ತಮ್ಮದೇ ಕೊನೆಯ ಮಾತೆಂದು ನಂಬಿದ್ದರು. ಡಬ್ಬಿಗೆ ಬಗ್ಗಿ ನೋಡಿ, "ಇವು ಬದನೆ ಅಲ್ರಿ, ಕಳೆ" ಎಂದರು.

ನಾಗಭೂಷಣ್ ವಾದಿಸಿದ. ತೀರ್ಪಿಗೆಂದು ಪಕ್ಕದ ತಾರಸಿಯ ಮೆಹರ್ ಬಾನುವನ್ನು ಕರೆದದ್ದಾಯಿತು. ಬದನೆ ಎಲೆ ಮುಟ್ಟಿದರೆ ತರಿತರಿ ಇರುತ್ತದೆ, ಇದು ನುಣ್ಣಗಿದೆಯಲ್ಲಣ್ಣ ಎಂದು ಅವಳು ಅನುಮಾನಪಟ್ಟಳು. ಅನುಮಾನ ಮುಗಿಯುವಷ್ಟರಲ್ಲಿ ರಾಜಕುಮಾರ್ ಅಷ್ಟನ್ನೂ ಕಿತ್ತು ಕೆಳಗಿನ ಚರಂಡಿಗೆ ಎಸೆದಾಗಿತ್ತು. ಕಳೆಯನ್ನು ಸಾಕಬಾರದಂತೆ.

ಆಗಲೇ ಹೆಂಡತಿ ಸುಮಾ ಫೋನ್ ಹಿಡಿದು ಮೇಲೆ ಬಂದಳು. ಅವ್ವ ಹರಿಹರದಲ್ಲಿ ಬಸ್ ಹತ್ತಿದ್ದಾಳೆ, ಸಸಿ ನೋಡಲೇಬೇಕಂತೆ, ಯಾಕೆಂದು ಹೇಳಲಿಲ್ಲ ಎಂದಳು. ಖಾಲಿ ಡಬ್ಬಿ ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ ಎಂದು ಬುದ್ಧಿಯನ್ನೂ ಹೇಳಿದಳು. ಕೇಳುವವರು ಯಾರು?

ನಾಗಭೂಷಣ್ ಸ್ಕೂಟರ್ ತೆಗೆದ. ಬೇಡವೆಂದರೂ ರಾಜಕುಮಾರ್ ಹಿಂದೆ ಕೂತರು. ನರ್ಸರಿಯಲ್ಲಿ ಬದನೆ ಸಸಿಯ ಇಡೀ ಟ್ರೇ ಕೊಳ್ಳಬೇಕಾಯಿತು. ಬರುವಾಗ ಬಸ್ಸೊಂದು ಪಕ್ಕದಲ್ಲೇ ಹಾರ್ನ್ ಹೊಡೆದದ್ದಕ್ಕೆ ರಾಜಕುಮಾರ್ ಬೆಚ್ಚಿ ಟ್ರೇಯನ್ನು ಎದೆಗವಚಿಕೊಂಡರು. ಅರ್ಧ ಸಸಿ ಸೊಂಟ ಮುರಿದುಕೊಂಡವು, ಮಣ್ಣೆಲ್ಲ ನಾಗಭೂಷಣ್‌ನ ಕಾಲರಿನೊಳಗೆ ಇಳಿಯಿತು.

ಉಳಿದದ್ದನ್ನು ಡಬ್ಬಿಯಲ್ಲಿ ನೆಟ್ಟರೆ ಮೆಹರ್ ಬಾನು ತಲೆಯಾಡಿಸಿದಳು. "ಕೈಲೆ ಚೆಲ್ಲಿದ ಬೀಜ ಹಿಂಗೆ ಪ್ರಾರ್ಥನೆಗೆ ನಿಂತ ಹುಡುಗರಂಗ ಸಾಲಾಗಿ ಹುಟ್ಟಲ್ಲಣ್ಣ." ಅಷ್ಟನ್ನೂ ಮತ್ತೆ ಕಿತ್ತು ಅಡ್ಡಾದಿಡ್ಡಿ ನೆಟ್ಟರು. ಉಗುರೊಳಗಿನ ಮಣ್ಣು ತೊಳೆಯುವ ಮೊದಲೇ ಕೊಟ್ರವ್ವ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು.

ಬಂದವಳೇ ಎಲೆಯೊಂದನ್ನು ಸವರಿ ನೋಡಿದಳು. "ಇವು ಬದನೆ ಅಲ್ಲೇನ್ರಿ ಅಳಿಯಂದ್ರ?"

"ಹೌದತ್ತಿ. ನೀವು ಕೊಟ್ಟಿದ್ದೇ," ಎಂದು ನಾಗಭೂಷಣ್ ಎದೆಯುಬ್ಬಿಸಿದ.

ಕೊಟ್ರವ್ವ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕುಸಿದಳು. "ನಾ ಕೊಟ್ಟಿದ್ದು ಮೆಣಸಿನಕಾಯಿ ಬೀಜ. ನೋಡಾಕ ಎರಡೂ ಒಂದೇ ನಮೂನಿ, ಗಂಟು ಅದಲುಬದಲಾಗೈತೆ. ಮನಿಯಾಗ ಮೆಣಸಂತ ನಾ ಹಾಕಿದ್ದೆಲ್ಲ ಬದನೆ ಆಗಿ ಎದ್ದಾವು. ನಮ್ಮತ್ತಿ ಕಾಲದ ಮೆಣಸ್ರೀ ಅದು, ನನ್ನ ಹತ್ರ ಒಂದು ಕಾಳು ಉಳಿದಿಲ್ಲ. ಸಸಿ ಒಯ್ಯಾಣಂತ ಓಡಿ ಬಂದೆ. ಎಲ್ಲಿ ಅವು?"

ನಾಗಭೂಷಣ್ ಚರಂಡಿಯ ಕಡೆ ನೋಡಿದ. ರಾಜಕುಮಾರ್ ಮಾತ್ರ ಗೆದ್ದವರಂತೆ, ಬದನೆ ಅಲ್ಲವೆಂದು ತಾವು ಬೆಳಿಗ್ಗೆಯೇ ಹೇಳಿದ್ದನ್ನು ಎಲ್ಲರಿಗೂ ನೆನಪಿಸಿದರು. ಬೆಳಿಗ್ಗೆಯಿಂದ ನಡೆದದ್ದೆಲ್ಲ ಹೀಗೆ ತಾನಾಗಿ ಹೊರಬಿತ್ತು.

ಕೊಟ್ರವ್ವ ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಆ ಬೀಜ ಇನ್ನು ಉಕ್ಕಡಗಾತ್ರಿಯಾಗ ನನ್ನ ಓರಗಿತ್ತಿ ಹತ್ರ ಮಾತ್ರ ಐತೆ. ನಾನೂ ಅಕಿನೂ ಮಾತು ಬಿಟ್ಟೀವಿ. ನೀವೇ ಹೋಗಿ ಕೇಳ್ರಿ. ನಡೆದದ್ದೆಲ್ಲ ಬಿಡಿಸಿ ಹೇಳಿದ್ರೇ ಕೊಡ್ತಾಳೆ."

ಆ ಓರಗಿತ್ತಿಗೆ ಹೇಳುವುದೂ ಡಂಗುರ ಸಾರುವುದೂ ಒಂದೇ ಎಂದು ನಾಗಭೂಷಣ್‌ಗೆ ಗೊತ್ತಿತ್ತು. ನಾಲ್ಕು ಜನರ ಮುಂದೆ ಹೋದ ಮಾನ ಈಗ ನಲವತ್ತು ಮನೆಯ ಮುಂದೆ ಹೋಗುವುದರಲ್ಲಿತ್ತು. ಅವನಿಗೆ ಅಳುವಷ್ಟು ಸಿಟ್ಟು ಬಂತು.

"ನಾನೂ ಬರ್ತೀನಿ," ಎಂದರು ರಾಜಕುಮಾರ್. "ಬೀಜ ಗುರುತು ಹಿಡಿಯಾಕ ತಿಳಿದೋರು ಒಬ್ರು ಬೇಕಲ್ಲ."

ನಾಗಭೂಷಣ್ ಕೀಲಿ ಹುಡುಕಿ ಕೆಳಗಿಳಿಯುವಷ್ಟರಲ್ಲಿ ಅವರು ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತಾಗಿತ್ತು.